ಹಣೆಗೆ ಅಂಟಿದ ಬೂದಿ

ನನ್ನ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಈಸ್ಟರ್ ಹಬ್ಬ ಕಳೆದು ಹದಿನೈದು ದಿನಕ್ಕೆ, ಬೊಂಬಾಯಿಯ ನಮ್ಮ ಮಲಾಡಿನ ಚರ್ಚಿನಲ್ಲೇ. ಹುಡುಗ ಕಾಂದಿವಲಿಯವನು, ಕಾರ್ಖಾನೆಯಲ್ಲಿ ಫಿಟ್ಟರ್. ಹಲ್ಲು ಸ್ವಲ್ಪ ಉಬ್ಬು, ಗುಣ ಬಂಗಾರ. ಭಾನುವಾರ ಹನ್ನೊಂದೂವರೆಗೆ ಮಾತು ಗಟ್ಟಿಯಾಯಿತು, ಒಂದು ಗಂಟೆಯೊಳಗೆ ನಮ್ಮ ಚಾಳಿನ ಹದಿನಾರು ಬಾಗಿಲಿಗೂ ನಾನೇ ಹೋಗಿ ಹೇಳಿ ಬಂದೆ. ಮೊಣಕಾಲು ನೋವೆಂದು ಮೂರು ವರ್ಷದಿಂದ ಮಹಡಿ ಹತ್ತದವಳು ಆ ದಿನ ಎರಡು ಸಲ ಹತ್ತಿ ಇಳಿದೆ. ಒಂದು ಸಲ ಹೇಳುವುದಕ್ಕೆ, ಇನ್ನೊಂದು ಸಲ ಹೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ನೋಡುವುದಕ್ಕೆ. ಮುಖ್ಯವಾಗಿ ಮಹಡಿಯ ಮೇಲಿನ ಭಕ್ತೆಯರಿಗೆ ಕೇಳಿಸಬೇಕಾಗಿತ್ತು. ಶುಕ್ರವಾರದಿಂದ ನಮ್ಮ ಹುಡುಗಿಯ ಹಣೆಬರಹಕ್ಕಾಗಿ ಅಳುತ್ತಾ ಕೂತಿದ್ದವರು ಅವರು. ಆ ಕಣ್ಣೀರನ್ನು ಈಗ ಅವರೇ ಒರೆಸಿಕೊಳ್ಳಲಿ, ನನಗೆ ಪುರುಸೊತ್ತಿಲ್ಲ.

ಈ ಮದುವೆ ಕೈತಪ್ಪಿ ಹೋಗಿತ್ತು. ತಪ್ಪಿಸಿದ್ದು ಒಂದು ಚಿಟಿಕೆ ಬೂದಿ. ಆ ಬೂದಿಯನ್ನು ಸುಟ್ಟವಳು ನಾನು, ಸೋಸಿದವಳು ನಾನು, ಕಲಸಿದವಳೂ ನಾನು. ಊರಿನ ಕಾನ್ವೆಂಟು ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಅದನ್ನು ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬಹುದು.

ನಮ್ಮ ಕ್ರೈಸ್ತರಲ್ಲಿ ಈಸ್ಟರಿಗೆ ಮೊದಲು ನಲವತ್ತು ದಿನ ತಪಸ್ಸಿನ ಕಾಲ. ಮಾಂಸವಿಲ್ಲ, ಮದುವೆಯಿಲ್ಲ, ವಾದ್ಯವಿಲ್ಲ. ಅದು ಶುರುವಾಗುವುದು ಬೂದಿ ಬುಧವಾರದಿಂದ. ಆ ಬೆಳಿಗ್ಗೆ ಎಲ್ಲರೂ ಸಾಲಾಗಿ ಹೋಗಿ ಪಾದ್ರಿಯ ಮುಂದೆ ಮಂಡಿಯೂರುತ್ತಾರೆ. ಅವರು ಹೆಬ್ಬೆರಳನ್ನು ಬೂದಿಯಲ್ಲಿ ಒತ್ತಿ ನಮ್ಮ ಹಣೆಯ ಮೇಲೆ ಶಿಲುಬೆ ಎಳೆದು ಲ್ಯಾಟಿನಿನಲ್ಲಿ ಒಂದು ಮಾತು ಹೇಳುತ್ತಾರೆ. ಲ್ಯಾಟಿನ್ ನಮ್ಮಲ್ಲಿ ಯಾರಿಗೂ ಬಾರದು, ಆದರೆ ಆ ಮಾತಿನ ಅರ್ಥ ಮಕ್ಕಳಿಗೂ ಗೊತ್ತು: ನೀನು ಮಣ್ಣು, ಮಣ್ಣಿಗೇ ಹೋಗುವವನು, ನೆನಪಿರಲಿ. ಮಿಲ್ಲಿನ ಸಾಹೇಬನಿಗೂ ಅದೇ ಮಾತು, ಗಟಾರ ತೊಳೆಯುವವನಿಗೂ ಅದೇ ಮಾತು. ವರ್ಷಕ್ಕೊಮ್ಮೆ ಒಬ್ಬರು ನಮ್ಮನ್ನು ಮಣ್ಣು ಎಂದು ಮುಖದ ಮೇಲೇ ಹೇಳಿದರೆ ಸಾಮಾನ್ಯ ಮನುಷ್ಯ ಏನು ಮಾಡಬೇಕು? ತಲೆ ತಗ್ಗಿಸಿಕೊಂಡು ಮನೆಗೆ ಹೋಗಬೇಕು. ನಮ್ಮವರು ಏನು ಮಾಡುತ್ತಾರೆ? ಕನ್ನಡಿ ನೋಡುತ್ತಾರೆ.

ಈ ಕಣ್ಣಿಂದ ನಾನು ಏನೆಲ್ಲ ನೋಡಿಲ್ಲ! ನಲ್ಲಿಯ ಹತ್ತಿರ ಕೊಡ ಇಟ್ಟು ಹಣೆಗೆ ಹಣೆ ಹೋಲಿಸುವವರು. ಫಾದರ್ ನನಗೆ ಒತ್ತಿ ಹಚ್ಚಿದರು, ನಿನಗೆ ಸವರಿ ಬಿಟ್ಟರು ಎನ್ನುವವರು. ಬೂದಿಗೆ ತಾಗಬಾರದೆಂದು ಸೆರಗನ್ನು ತಲೆಯ ಹಿಂದೆ ಜಾರಿಸಿ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ತುಂಬಿದ ಹಂಡೆ ಹೊತ್ತವರ ಹಾಗೆ ನಡೆಯುವವರು. ಒಬ್ಬಳಂತೂ ಗುರುವಾರ ಮಧ್ಯಾಹ್ನದವರೆಗೆ ಸ್ನಾನ ಮಾಡುತ್ತಿರಲಿಲ್ಲ. ಅದಕ್ಕೆ ಬೂದಿಯೇ ಕಾರಣವೆಂದು ಹೇಳುತ್ತಿದ್ದಳು, ಉಳಿದ ಬುಧವಾರಗಳಿಗೆ ಏನು ಕಾರಣವೋ ಹೇಳಲಿಲ್ಲ. ಅಂದು ಉಪವಾಸವೆಂದು ಒಂದೇ ಹೊತ್ತು ಉಣ್ಣುವುದು ನಿಯಮ. ಆ ಒಂದು ಹೊತ್ತಿನಲ್ಲಿ ಇವರು ಮೂರು ಹೊತ್ತಿನದನ್ನು ಉಂಡು, ಬಾಡಿದ ಮುಖ ಮಾಡಿಕೊಂಡು ಬಾಗಿಲಲ್ಲಿ ಕೂರುತ್ತಾರೆ.

ನನ್ನ ಗಂಡ ಬದುಕಿದ್ದಾಗ, ಬೊಂಬಾಯಿಗೆ ಬಂದ ಮೊದಲ ವರ್ಷ, ಅವರೂ ಬೂದಿ ಹಚ್ಚಿಕೊಂಡೇ ಕೆಲಸಕ್ಕೆ ಹೋದರು. ನಾನು ಬೇಡವೆಂದಿದ್ದೆ. ಅಲ್ಲಿಯ ಮೇಸ್ತ್ರಿ, ಮುಕಾದಮ, ಹಣೆಯ ಮೇಲೆ ಏನದು ಎಂದು ಹಿಂದಿಯಲ್ಲಿ ಕೇಳಿದ. ನಮ್ಮ ಕೊಂಕಣಿಯಲ್ಲಿ ಬೂದಿಗೆ ಗೊಬೊರ್ ಎನ್ನುತ್ತಾರೆ. ಇವರಿಗೆ ಹಿಂದಿ ಅಷ್ಟಕ್ಕಷ್ಟೆ. ಎದೆ ಉಬ್ಬಿಸಿ, ಗೊಬೊರ್, ನಮ್ಮ ದೇವರದ್ದು, ಎಂದರು. ಹಿಂದಿಯಲ್ಲಿ ಗೋಬರ್ ಎಂದರೆ ಸಗಣಿ. ಸಗಣಿ ಮೆತ್ತಿಕೊಂಡು ಮೆಷಿನ್ ಮುಟ್ಟಬೇಡ ಎಂದು ಮುಕಾದಮ ಅವರನ್ನು ನಲ್ಲಿಗೆ ಕಳಿಸಿದ. ಸಂಜೆ ಬಂದು ಧರ್ಮಕ್ಕೆ ಅವಮಾನವಾಯಿತೆಂದು ಗೋಳಾಡಿದರು. ಅವಮಾನ ಧರ್ಮಕ್ಕಲ್ಲ, ನಿಮ್ಮ ಹಿಂದಿಗೆ ಎಂದೆ.

ನನ್ನ ತಾಯಿಯ ಪದ್ಧತಿಯೇ ಬೇರೆ. ಊರಿನ ಚರ್ಚಿನ ಗೇಟು ದಾಟಿದ ಕೂಡಲೇ ಅವಳು ಸೆರಗಿನ ತುದಿ ಒದ್ದೆ ಮಾಡಿ ನಮ್ಮೆಲ್ಲರ ಹಣೆ ಒರೆಸುತ್ತಿದ್ದಳು. ಹೇಳಿದ್ದು ಕೇಳಿತಲ್ಲ, ಇನ್ನು ಅದನ್ನು ಅಂಗಡಿಯ ಬೋರ್ಡಿನ ಹಾಗೆ ತೂಗುಹಾಕಿಕೊಂಡು ತಿರುಗಬೇಡಿ ಎನ್ನುತ್ತಿದ್ದಳು. ಅವಳು ಓದಿದವಳಲ್ಲ. ಮುಂದೆ ನಾನು ಕನ್ನಡ ಪ್ರಾರ್ಥನೆ ಪುಸ್ತಕವನ್ನು ಅಕ್ಷರಕ್ಕೆ ಬೆರಳಿಟ್ಟು ಓದಿ ನೋಡಿದರೆ, ಆ ಬುಧವಾರವೇ ಓದುವ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೇಳಿರುವುದೂ ಅದನ್ನೇ: ಉಪವಾಸ ಮಾಡುವಾಗ ಜನರು ನೋಡಲಿ ಎಂದು ಮುಖ ಬಾಡಿಸಿಕೊಳ್ಳಬೇಡಿ, ಮುಖ ತೊಳೆದುಕೊಳ್ಳಿ. ಪಾದ್ರಿ ಅದನ್ನು ಲ್ಯಾಟಿನಿನಲ್ಲಿ ಓದುತ್ತಾರೆ. ನಮ್ಮವರು ಕೈಮುಗಿದು ಕೇಳುತ್ತಾರೆ. ಪೂಜೆ ಮುಗಿದ ಕೂಡಲೇ ಬೂದಿ ಬಳಿದ ಮುಖವನ್ನೇ ಹೊತ್ತು ಇಡೀ ಮಲಾಡಿಗೆ ಮೆರವಣಿಗೆ ಹೊರಡುತ್ತಾರೆ. ಬೂದಿ ಹಚ್ಚುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಚ್ಚಿಸಿಕೊಳ್ಳುವ ಆ ಒಂದು ಗಳಿಗೆ, ಮಂಡಿಯೂರಿದಾಗ, ಹೆಬ್ಬೆರಳು ಹಣೆಗೆ ತಾಗಿದಾಗ, ನನ್ನ ಗಂಡನನ್ನೂ ಹೋದ ಎರಡು ಮಕ್ಕಳನ್ನೂ ನೆನೆಯುತ್ತೇನೆ. ಅದು ನನ್ನದು. ಗೇಟಿನ ಹೊರಗೆ ಅದನ್ನು ಯಾರಿಗೆ ತೋರಿಸಲಿ?

ನಾನು ಚರ್ಚಿನಲ್ಲಿ ಪೀಠದ ಬಟ್ಟೆ ಒಗೆಯುವ ಕೆಲಸ ಮಾಡುತ್ತೇನೆ, ಗಂಡ ತೀರಿದ ವರ್ಷದಿಂದ. ಬೂದಿ ಮಾಡುವುದೂ ನನ್ನ ಪಾಲಿಗೇ ಬಂದಿದೆ. ಬೂದಿ ಎಲ್ಲಿಂದಲೋ ಬರುವುದಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಪಾದ್ರಿ ಮಂತ್ರಿಸಿ ಕೊಟ್ಟ ತೆಂಗಿನ ಎಳೆಗರಿಯನ್ನು ಶಿಲುಬೆಯ ಹಾಗೆ ಹೆಣೆದು ಮನೆಯಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿರುತ್ತಾರೆ. ಅದು ಒಣಗಿ, ಧೂಳು ಹಿಡಿದು, ಬೂದಿ ಬುಧವಾರಕ್ಕೆ ವಾರವಿರುವಾಗ ಚರ್ಚಿಗೆ ವಾಪಸು ಬರುತ್ತದೆ. ಚರ್ಚಿನ ಹಿಂದೆ ತೂತು ಬಿದ್ದ ಕಬ್ಬಿಣದ ಬಕೆಟಿನಲ್ಲಿ ನಾನು ಅದನ್ನು ಸುಡುತ್ತೇನೆ. ಜೇಡರ ಬಲೆ, ಜಿರಲೆಯ ಮೊಟ್ಟೆ, ಯಾರದೋ ಹಳೆಯ ನೂಲು, ಎಲ್ಲವೂ ಸೇರಿ ಉರಿಯುತ್ತವೆ. ಆಮೇಲೆ ಕಲ್ಲಿನಲ್ಲಿ ಅರೆದು ಮಲ್ ಬಟ್ಟೆಯಲ್ಲಿ ಸೋಸುತ್ತೇನೆ. ಎಂಥೆಂಥ ಹೆಂಗಸರು ಹಣೆಯ ಮೇಲೆ ಜಿರಲೆಯ ಮೊಟ್ಟೆಯ ಬೂದಿ ಹೊತ್ತು ಗಂಭೀರವಾಗಿ ನಡೆಯುವುದನ್ನು ನೋಡಿ ನಾನು ಎಷ್ಟೋ ವರ್ಷ ಪ್ರಾರ್ಥನೆಯ ಮಧ್ಯೆ ಬಾಯಿ ಮುಚ್ಚಿಕೊಂಡಿದ್ದೇನೆ.

ಹಿಂದಿನ ವರ್ಷ ನನ್ನ ಬೂದಿಯ ಮೇಲೆ ದೂರು ಬಂತು. ಒಣ ಬೂದಿ, ನಿಲ್ಲುವುದಿಲ್ಲ. ಸ್ಟೇಷನ್ ಮುಟ್ಟುವುದರೊಳಗೆ ಮೂಗಿನ ಮೇಲೆ ಉದುರುತ್ತದೆ, ಲೋಕಲ್ ರೈಲಿನ ಗಾಳಿಗೆ ಪೂರಾ ಹಾರಿ ಹೋಗುತ್ತದೆ ಎಂದು. ದೂರು ಕೊಟ್ಟವಳು ಹೆಂಗಸರ ಪ್ರಾರ್ಥನಾ ಸಂಘಕ್ಕೆ ದೊಡ್ಡವಳು. ಕಾಂದಿವಲಿಯಲ್ಲಿ ಮನೆ, ಆದರೆ ಪೂಜೆಗೆ ನಮ್ಮ ಚರ್ಚೇ ಬೇಕು. ಗಂಡನಿಲ್ಲ, ಒಬ್ಬನೇ ಮಗ. ಆ ಮಗನೇ ಈಗಿನ ನಮ್ಮ ಹುಡುಗ. ಕ್ರಿಸ್ಮಸ್ ಕಳೆದ ಮೇಲೆ ಅವರ ಕಡೆಯಿಂದಲೇ ಮಾತು ಬಂದಿತ್ತು. ತಾಯಿ ಮಗ ಬಂದು ನೋಡಿ, ಚಾ ಕುಡಿದು, ನನ್ನ ಸೊಸೆಯ ಅಡಿಗೆ ಉಂಡು ಹೋಗಿದ್ದರು. ಹುಡುಗ ಹುಡುಗಿ ಮಲಾಡ್ ಪ್ಲಾಟ್‌ಫಾರ್ಮಿನಲ್ಲಿ ಎರಡು ಸಲ ಮಾತಾಡಿದ್ದರು ಎಂದು ನನಗೆ ಗೊತ್ತಿತ್ತು, ನನ್ನ ಮಗನಿಗೆ ಗೊತ್ತಿರಲಿಲ್ಲ. ಕೊನೆಯ ಮಾತೊಂದು ಉಳಿದಿತ್ತು. ಬೂದಿ ಬುಧವಾರ ಕಳೆದ ಮೊದಲ ಭಾನುವಾರ ಬಂದು ಹೇಳುತ್ತೇವೆ ಎಂದಿದ್ದರು.

ಈ ಸಂಬಂಧ ಬರುತ್ತಿರುವಾಗ ಬೂದಿ ಉದುರಿತೆಂದು ಇನ್ನೊಂದು ದೂರು ಬೇಡವೆಂದು ನಾನು ಬುದ್ಧಿ ಓಡಿಸಿದೆ. ಮಂಗಳವಾರ ಸಂಜೆಯೇ ಬೂದಿಯನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ಬಾವಿಯ ನೀರು ಬಿಟ್ಟು, ಎರಡು ಬೆರಳಲ್ಲಿ ಚೆನ್ನಾಗಿ ಕಲಸಿ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಕಾಡಿಗೆಯ ಹಾಗೆ ಬಂದಿತ್ತು. ಪಾದ್ರಿಯೂ ಈ ವರ್ಷ ಚೆನ್ನಾಗಿದೆ ಎಂದರು. ನಾನು ಬೀಗಿದೆ. ಮಣ್ಣು ಎಂದು ಹೇಳಿಸಿಕೊಳ್ಳುವ ದಿನ ಬೀಗಿದವರಲ್ಲಿ ನಾನೂ ಒಬ್ಬಳೆಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮಹಡಿಯ ಮೇಲಿನವರು ಬರೆದಾರು.

ಪೂಜೆ ಮುಗಿದು ಗೇಟಿಗೆ ಬಂದಾಗ ನಾನು ಸೆರಗಿನ ತುದಿಯನ್ನು ನಲ್ಲಿಗೆ ಹಿಡಿದು ಮೊಮ್ಮಗಳ ಹಣೆ ಒರೆಸಿದೆ. ಅವಳು ಪಟ್ಟಣದ ಫೋರ್ಟ್ ಕಡೆಯ ಆಫೀಸಿನಲ್ಲಿ ಟೈಪಿಸ್ಟ್, ಲೋಕಲ್ ಹಿಡಿಯುವ ಅವಸರದಲ್ಲಿದ್ದಳು. ಆಮೇಲೆ ನನ್ನದನ್ನೂ ಒರೆಸಿಕೊಂಡೆ. ಹಿಂದೆ ಹುಡುಗನ ತಾಯಿ ನಿಂತಿದ್ದಳು, ಹಣೆಯ ಮೇಲೆ ಡಾಂಬರಿನ ಹಾಗೆ ಕಪ್ಪಾದ ಶಿಲುಬೆ. ನಮ್ಮಲ್ಲಿ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ.

“ಎಂತ ಬಾಯಿ, ಇಷ್ಟು ಬೇಗ ಒರೆಸಿದ್ರಿ? ಬೂದಿಗೂ ರೇಷನ್ ಬಂತಾ?”

ಆಗ ನಾನು ಸುಮ್ಮನೆ ನಕ್ಕು ಹೋಗಬೇಕಾಗಿತ್ತು. ಬೀಗರಾಗುವವರು. ಆದರೆ ನನ್ನ ನಾಲಿಗೆ ನನಗಿಂತ ಮೊದಲು ಹುಟ್ಟಿದ್ದು.

“ನಮ್ಮ ಹುಡುಗಿಗೆ ಒಂದು ಸಲ ಹೇಳಿದ್ರೆ ಅರ್ಥ ಆಗ್ತದೆ. ಕೆಲವರಿಗೆ ದಿನ ಇಡೀ ಹಣೆ ಮೇಲೆ ಬರೆದಿಟ್ಟರೂ ಆಗುದಿಲ್ಲ.”

ಮೊಮ್ಮಗಳು ನನ್ನ ತೋಳನ್ನು ಚಿವುಟಿ ಸ್ಟೇಷನ್ನಿಗೆ ಓಡಿದಳು. ಹುಡುಗನ ತಾಯಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ನಡೆದಳು.

ಗುರುವಾರ ಬೆಳಿಗ್ಗೆ ಅವಳು ಮುಖ ತೊಳೆದಾಗ ಕಪ್ಪು ಹೋಯಿತು, ಶಿಲುಬೆ ಹೋಗಲಿಲ್ಲ. ಕೆಂಪಗೆ, ಊದಿಕೊಂಡು, ಅಂಚು ಅಂಚಾಗಿ ನಿಂತಿತ್ತು. ನಮ್ಮ ಚಾಳಿನ ಮಹಡಿಯಲ್ಲಿ ಮೂವರಿಗೂ ಹಾಗೆಯೇ. ಬುಧವಾರ ಇಡೀ ಬೂದಿ ಉಳಿಸಿಕೊಂಡವರೆಲ್ಲರ ಹಣೆಯಲ್ಲೂ ಗುರುತು. ಒರೆಸಿದವರ, ಬೆವರಿಗೆ ಅಳಿಸಿಹೋದವರ ಹಣೆಯಲ್ಲಿ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಇದಕ್ಕೆ ಅದ್ಭುತ ಎಂದು ಹೆಸರು ಬಿತ್ತು. ದೇವರು ತನ್ನವರನ್ನು ಆರಿಸಿ ಮುದ್ರೆ ಒತ್ತಿದ್ದಾನಂತೆ. ಮುದ್ರೆ ಬಿದ್ದವರನ್ನು ನೋಡಲು ಪಕ್ಕದ ಬಿಲ್ಡಿಂಗುಗಳಿಂದ ಹೆಂಗಸರು ಬಂದರು, ಮೇಣದ ಬತ್ತಿ ತಂದರು. ಹುಡುಗನ ತಾಯಿಯ ಮನೆಯಲ್ಲಿ ಜಪಮಾಲೆ ಶುರುವಾಯಿತು. ಮುದ್ರೆ ಮಾಸಿ ಹೋಗಬಾರದೆಂದು ಅವಳು ಔಷಧಿಯನ್ನೂ ಮುಟ್ಟಿಸಲಿಲ್ಲವಂತೆ. ದೇವರಿಗೆ ಬೇರೆ ಕೆಲಸವಿಲ್ಲ, ಸ್ವರ್ಗದಿಂದ ಇಳಿದು ಬಂದು ಕಾಂದಿವಲಿಯಲ್ಲಿ ಪೋಸ್ಟಾಫೀಸಿನ ಸಿಕ್ಕಾ ಹೊಡೆಯುತ್ತಾ ಕೂರುತ್ತಾನೆ!

ನಾನು ಕೇಳಿ ನಗುತ್ತಿದ್ದೆ. ಶುಕ್ರವಾರ ಮಹಡಿಯವಳೊಬ್ಬಳು ಇಳಿದು ಬಂದು ಹುಡುಗನ ತಾಯಿಯ ಸಂದೇಶ ಹೇಳಿದ ಮೇಲೆ ನಗು ನಿಂತಿತು. ಸಂಬಂಧ ಬೇಡವಂತೆ. ಅತ್ತೆಯಾಗುವವಳಿಗೆ ಮುದ್ರೆ ಬಿದ್ದಿದೆ, ಸೊಸೆಯಾಗುವವಳಿಗೆ ಬಿದ್ದಿಲ್ಲ. ಸ್ವರ್ಗದಿಂದಲೇ ಇಷ್ಟು ಸ್ಪಷ್ಟವಾಗಿ ಬೇಡವೆಂದ ಮೇಲೆ ಮನುಷ್ಯರು ಹೂಂ ಎನ್ನುವುದು ಹೇಗೆ ಎಂದಳಂತೆ. ನನ್ನ ಮಗ ತಲೆಯ ಮೇಲೆ ಕೈಹೊತ್ತು ಕೂತ. ಸೊಸೆ ಒಲೆಯ ಮುಂದಿನಿಂದ ಏಳಲಿಲ್ಲ. ಮೊಮ್ಮಗಳು ಆಫೀಸಿನಿಂದ ಬಂದು ಎಲ್ಲ ಕೇಳಿ, ಆ ಭಾನುವಾರ ಉಡಲೆಂದು ಇಸ್ತ್ರಿ ಮಾಡಿಟ್ಟಿದ್ದ ನೀಲಿ ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಅಳಲಿಲ್ಲ.

“ಮಾಯ್, ನೀವು ಒರೆಸದೆ ಇದ್ದಿದ್ರೆ ಆಗ್ತಿತ್ತು,” ಎಂದಳು. ಅಷ್ಟೇ. ಜಗಳ ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವಳು ಜಗಳವನ್ನೂ ಮಾಡಲಿಲ್ಲ.

ಆ ಸಂಜೆ ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ದೇವರ ಜೊತೆ ಜಗಳ ಆಡುತ್ತಿದ್ದೆ. ಆಗ ಪಾದ್ರಿ ಪುಸ್ತಕದ ಹಾಳೆ ತಿರುಗಿಸಿದರು. ಅವರ ಬಲಗೈಯ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಅದೇ ಹೆಬ್ಬೆರಳು. ನಾನು ನನ್ನ ಕೈ ನೋಡಿಕೊಂಡೆ. ಬೂದಿ ಕಲಸಿದ ಎರಡು ಬೆರಳ ತುದಿಯಲ್ಲಿ ಚರ್ಮ ಸುಲಿದಿತ್ತು. ಬಟ್ಟೆ ಒಗೆಯುವ ಸೋಡಾದಿಂದ ಎಂದುಕೊಂಡಿದ್ದೆ.

ಊರಿನಲ್ಲಿ ನಮಗೆ ಸಾಬೂನು ಎಲ್ಲಿತ್ತು? ನನ್ನ ತಾಯಿ ತೆಂಗಿನ ಮಡಲಿನ ಬೂದಿಯನ್ನು ಮಡಕೆಯಲ್ಲಿ ನೀರು ಹಾಕಿ ನೆನೆಯಲು ಬಿಟ್ಟು, ಮರುದಿನ ಆ ನೀರಲ್ಲಿ ಬಟ್ಟೆ ಬೇಯಿಸುತ್ತಿದ್ದಳು. ಕೊಳೆ ಹಾರಿಹೋಗುತ್ತಿತ್ತು. ಆ ಮಡಕೆಗೆ ಕೈ ಹಾಕಿದ ಮಕ್ಕಳಿಗೆ ಬೆನ್ನಿಗೆ ಗುದ್ದು ಬೀಳುತ್ತಿತ್ತು, ಏಕೆಂದರೆ ನೆನೆದ ಬೂದಿಯ ನೀರು ಕೈ ಸುಡುತ್ತದೆ. ಇದು ನನಗೆ ಆರು ವರ್ಷದವಳಿದ್ದಾಗಿನಿಂದ ಗೊತ್ತು. ಗೊತ್ತಿದ್ದೂ ಕಲಸಿಟ್ಟೆ. ಚರ್ಚಿನ ಗರಿ, ಮಂತ್ರಿಸಿದ ಗರಿ, ಅದರ ಬೂದಿ ಬಟ್ಟೆ ಬೇಯಿಸುವ ಬೂದಿಯ ಹಾಗೆ ಸುಟ್ಟೀತೇ ಎಂದು ಮನಸ್ಸಿಗೆ ಬರಲೇ ಇಲ್ಲ. ಮಹಡಿಯವರು ಮೂರ್ಖರೆಂದು ಎರಡು ದಿನ ನಕ್ಕೆನಲ್ಲ, ಅವರಿಗಿಂತ ಒಂದು ದಿನ ಮೊದಲೇ ನಾನು ಮೂರ್ಖಳಾಗಿ ಮುಗಿಸಿದ್ದೆ.

ಶನಿವಾರ ಬೆಳಿಗ್ಗೆ ಬಟ್ಟಲಿನಲ್ಲಿ ಉಳಿದಿದ್ದ ಬೂದಿಯನ್ನು ತಂದು ನನ್ನ ಮೀನಖಂಡದ ಮೇಲೆ ದಪ್ಪಗೆ ಬಳಿದೆ. ಶಿಲುಬೆ ಬರೆದರೆ ಮತ್ತೆ ಅದ್ಭುತವೆಂದಾರು. ಅದಕ್ಕಾಗಿ ಒಂದು ಛತ್ರಿ ಬರೆದೆ, ಬಗ್ಗಿದ ಹಿಡಿ ಸಮೇತ. ಸಂಜೆಯವರೆಗೆ ಕಾಲು ನೀಡಿ ಕೂತೆ. ಬರಬರುತ್ತಾ ಇರುವೆ ಹರಿದ ಹಾಗೆ, ಆಮೇಲೆ ಕೆಂಡ ತಾಗಿದ ಹಾಗೆ. ತೊಳೆದು ನೋಡಿದರೆ ಛತ್ರಿ ಕೆಂಪಗೆ ಎದ್ದು ನಿಂತಿತ್ತು. ಪಾದ್ರಿಯ ಹತ್ತಿರ ಹೋಗಿ ಎಲ್ಲ ಒಪ್ಪಿಸಿದೆ. ಅವರು ತಮ್ಮ ಹೆಬ್ಬೆರಳು ನೋಡಿಕೊಂಡು ಕೆಮ್ಮು ಬರುವವರೆಗೆ ನಕ್ಕರು. ಬೂದಿ ಬೂದಿಯೇ ಎಂದು ನಾಳೆ ಪ್ರಸಂಗದಲ್ಲಿ ನಾನು ಹೇಳುತ್ತೇನೆ, ಆದರೆ ಪಾದ್ರಿಗೆ ನಂಬಿಕೆ ಕಡಿಮೆ ಎಂದು ಆ ಭಕ್ತೆಯರು ಹೇಳುತ್ತಾರೆ. ಕಲಸಿದವಳು ನೀನು, ಆ ಮನೆಗೆ ನೀನೇ ಹೋಗಿ ಹೇಳು ಎಂದರು. ಅವರು ಹೇಳಿದ್ದು ಹಾಗೆಯೇ ಆಯಿತು. ಭಾನುವಾರ ಪ್ರಸಂಗ ಕೇಳಿ ಹೊರಬಂದ ಭಕ್ತೆಯರು, ಫಾದರಿಗೆ ಬೆರಳಿಗೆ ಮಾತ್ರ ಬಿದ್ದಿದೆ, ಪಾಪ, ಅದಕ್ಕೆ ಹೊಟ್ಟೆಕಿಚ್ಚು ಎಂದರು.

ಕಾಂದಿವಲಿಗೆ ಹೊರಟಾಗ ನನ್ನ ಮಗ ಬರಲಿಲ್ಲ. ಅವನಿಗೆ ನನ್ನ ನಾಲಿಗೆಯ ಭಯ. ಮೊಮ್ಮಗಳು ತಾನೂ ಬರುತ್ತೇನೆ ಎಂದಳು. ನೀನು ಬಂದರೆ ಭಿಕ್ಷೆಗೆ ಬಂದ ಹಾಗಾಗುತ್ತದೆ ಎಂದೆ. ಸುಟ್ಟ ಗಾಯಕ್ಕೆ ಹಚ್ಚಲಿಕ್ಕೆ ಎಂದು ಕೊಬ್ಬರಿ ಎಣ್ಣೆಯ ಶೀಶೆಯನ್ನು ಪರ್ಸಿಗೆ ಹಾಕಿಕೊಂಡು ನನಗಿಂತ ಮೊದಲು ಮೆಟ್ಟಿಲು ಇಳಿದಳು.

ಹುಡುಗನ ತಾಯಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಣೆ ಹಸಿಹಸಿ. ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಮಗ ಒಳಗೆ ಚಾ ಕಾಸುತ್ತಿದ್ದವನು ಬಾಗಿಲಿಗೆ ಬಂದು ನಿಂತ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ನಾನೇ ಕೂತೆ. ನಾನು ಮಾಡಿದ್ದನ್ನು, ಬಟ್ಟಲಿನಿಂದ ಹಿಡಿದು ಪಾದ್ರಿಯ ಹೆಬ್ಬೆರಳಿನವರೆಗೆ, ಒಂದೇ ಉಸಿರಿಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಂಬಂಧ ಹೋಯಿತೆಂದು ದೇವರ ಕೆಲಸವನ್ನೇ ಹಾಳು ಮಾಡಲು ಬಂದಿದ್ದೀರಿ, ದೇವರು ಮುಟ್ಟಿದ್ದು ಯಾವುದು, ಬೂದಿ ಸುಟ್ಟದ್ದು ಯಾವುದು ಎಂದು ನನಗೆ ಗೊತ್ತಾಗುತ್ತದೆ ಎಂದಳು.

ನಾನು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಾಲನ್ನು ಅವಳ ಮುಂದೆ ಚಾಚಿದೆ.

“ಹಾಗಾದ್ರೆ ಇದನ್ನೂ ದೇವರೇ ಮುಟ್ಟಿದ್ದು ಬಾಯಿ. ಈ ಸಲ ಮಳೆ ಜೋರುಂಟು ಅಂತ ಕಾಣ್ತದೆ, ನನಗೆ ಛತ್ರಿ ಕೊಟ್ಟಿದ್ದಾನೆ.”

ಬಾಗಿಲಲ್ಲಿದ್ದ ಹುಡುಗ ನಕ್ಕುಬಿಟ್ಟ. ತಾಯಿ ತಿರುಗಿ ನೋಡಿದ ಕೂಡಲೇ ನಿಲ್ಲಿಸಿದ. ಆಮೇಲೆ, ಕಾರ್ಖಾನೆಯವರ ಹಾಗೆ ಹಿಂದಿ ಬೆರೆಸಿ, ನಿಧಾನಕ್ಕೆ ತಾಯಿಗೆ ಹೇಳಿದ: “ಮಾಯ್, ಬಸ್ ಆಯ್ತು. ನಾನೂ ಬುಧವಾರ ಕಾರ್ಖಾನೆ ನಲ್ಲಿಯಲ್ಲಿ ಮುಖ ತೊಳ್ದಿದ್ದೆ. ನನಗೂ ಮುದ್ರೆ ಬಿದ್ದಿಲ್ಲ. ಅವಳನ್ನು ಬಿಡುದಾದ್ರೆ ನನ್ನನ್ನೂ ಬಿಡ್ಬೇಕಾಗ್ತದೆ.”

ಅವಳು ಮಗನ ಹಣೆಯನ್ನು ನೋಡಿದಳು. ನಾಲ್ಕು ದಿನ ಬಂದ ಜನರ ಹಣೆಯನ್ನೆಲ್ಲ ನೋಡಿದವಳು ಮನೆಯ ಹಣೆ ನೋಡಿರಲಿಲ್ಲ. ನನ್ನ ಬಾಯಿಗೆ ಇನ್ನೂ ಮೂರು ಮಾತು ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಚೂಪು. ಹೇಳುವಷ್ಟರಲ್ಲಿ ಮೊಮ್ಮಗಳು ಅಡ್ಡ ಬಂದು ಕುರ್ಚಿಯ ಮುಂದೆ ಮಂಡಿಯೂರಿ ಕೂತಳು.

“ಉರೀತದಾ ಬಾಯಿ?”

ಹುಡುಗನ ತಾಯಿ ತುಟಿ ಬಿಗಿ ಹಿಡಿದಳು. ಹಿಡಿದದ್ದು ನಿಲ್ಲಲಿಲ್ಲ. “ನಾಲ್ಕು ದಿನ ಆಯ್ತು ಮಗಾ, ತಲೆದಿಂಬಿಗೆ ಹಣೆ ತಾಗಿಸ್ಲಿಕ್ಕೆ ಆಗುದಿಲ್ಲ,” ಎಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ನಿಜವಾದ ಪ್ರಾರ್ಥನೆ ಅದು. ಮೊಮ್ಮಗಳು ಬೆರಳಿಗೆ ಎಣ್ಣೆ ತೆಗೆದುಕೊಂಡು ಶಿಲುಬೆಯ ಗುರುತಿನ ಮೇಲೆ ಮೆಲ್ಲಗೆ ಹಚ್ಚಿದಳು. ಮೊದಲು ಅಡ್ಡಗೆರೆ, ಆಮೇಲೆ ಉದ್ದಗೆರೆ. ಹುಡುಗನ ತಾಯಿ ಕಣ್ಣು ಮುಚ್ಚಿಕೊಂಡಳು. ಮೂರು ಚೂಪು ಮಾತುಗಳನ್ನು ನಾನು ನುಂಗಿದೆ. ಅವು ಇನ್ನೂ ಹೊಟ್ಟೆಯಲ್ಲೇ ಇವೆ, ಹಾಳಾಗಿಲ್ಲ.

ಒಳಗೆ ಚಾ ಉಕ್ಕಿ ಒಲೆ ಆರಿದ ವಾಸನೆ ಬಂತು, ಹುಡುಗ ಓಡಿದ. ಆಗ ಅವಳು ಕಣ್ಣು ಬಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮೊಮ್ಮಗಳಿಗೆ ಹೇಳಿದಳು:

“ಮದುವೆ ದಿನ ಈ ಮುದುಕಿ ಯಾವುದನ್ನೂ ಕಲಸ್ಲಿಕ್ಕಿಲ್ಲ. ಹಿಟ್ಟನ್ನೂ ಇಲ್ಲ, ಪಾನಕವನ್ನೂ ಇಲ್ಲ. ಅದೊಂದು ಷರತ್ತು ನನ್ನದು.”

ಒಪ್ಪಿಗೆಯನ್ನು ಇಷ್ಟು ಕೆಟ್ಟದಾಗಿ ಯಾರೂ ಹೇಳಿರಲಿಕ್ಕಿಲ್ಲ. ಇಷ್ಟು ಸಿಹಿಯಾಗಿ ನನಗೆ ಯಾವ ಮಾತೂ ಕೇಳಿಸಿಲ್ಲ. ಷರತ್ತಿಗೆ ಒಪ್ಪಿದೆ, ನನಗೂ ಒಂದು ಷರತ್ತಿದೆ ಎಂದೆ: ಸಂಜೆ ತಾಯಿ ಮಗ ಇಬ್ಬರೂ ನಮ್ಮ ಮನೆಯಲ್ಲಿ ಉಣ್ಣಬೇಕು, ಅಡಿಗೆ ಸೊಸೆಯದು, ನಾನು ಮುಟ್ಟುವುದಿಲ್ಲ. ಕಾಂದಿವಲಿ ಸ್ಟೇಷನ್ನಿನಲ್ಲಿ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಎಣ್ಣೆಯ ಕೈ, ಜಾರುತ್ತಿತ್ತು. ಮಲಾಡ್ ಬರುವವರೆಗೆ ಬಿಡಲಿಲ್ಲ. ನನಗೆ ಹಾಡಬೇಕೆನಿಸಿತು, ತಪಸ್ಸಿನ ಕಾಲವೆಂದು ಗಂಟಲಿನೊಳಗೇ ಹಾಡಿಕೊಂಡೆ. ಪಕ್ಕದಲ್ಲಿ ಕೂತ ಮರಾಠಿ ಹೆಂಗಸು ಹಲ್ಲುನೋವೇ ಎಂದು ಕೇಳಿದಳು. ಇಲ್ಲ, ಮೊಮ್ಮಗಳ ಮದುವೆ ಎಂದೆ. ಅವಳಿಗೂ ಹೇಳಿದ ಹಾಗಾಯಿತು.

ಮುದ್ರೆಯ ವಿಷಯ ಅಲ್ಲಿಗೆ ಮುಗಿಯಿತೆಂದು ಯಾರೂ ತಿಳಿಯಬೇಡಿ. ನಾನು ಕಾಲು ತೋರಿಸಿದ ಮೇಲೂ ಮಹಡಿಯ ಮೇಲಿನ ಒಬ್ಬಳು, ಬೂದಿ ಸುಟ್ಟದ್ದೇ ಇರಬಹುದು, ಆದರೆ ಬೂದಿ ಸುಡುವ ಹಾಗೆ ಮುದುಕಿಯ ಕೈಯಿಂದ ತಪ್ಪು ಮಾಡಿಸಿದ್ದು ಯಾರು ಎಂದು ಕೇಳಿದಳು. ಇಂಥವರಿಗೆ ದೇವರೂ ಉತ್ತರ ಕೊಡಲಾರ. ನಾನು ಮದುವೆಯ ತಾರೀಖು ಹೇಳಿ ಇಳಿದು ಬಂದೆ.

ತಪಸ್ಸಿನ ಕಾಲವಾದರೂ ಭಾನುವಾರ ಉಪವಾಸವಿಲ್ಲ. ಮಾಂಸ ಬಿಟ್ಟಿದ್ದೆವು, ಮೀನಿಗೆ ಯಾರ ಅಡ್ಡಿಯೂ ಇಲ್ಲ. ಮಗ ಮಧ್ಯಾಹ್ನವೇ ಬಜಾರಿಗೆ ಹೋಗಿ ಬಂಗುಡೆ ತಂದ. ಸೊಸೆ ಮೆಣಸು ಅರೆಯಲು ಕೂತಾಗ ನಾನು ಅಭ್ಯಾಸದ ಮೇಲೆ ಕಲ್ಲಿನ ಹತ್ತಿರ ಹೋದೆ. ನನ್ನ ಎದುರು ಎತ್ತರದ ದನಿಯಲ್ಲಿ ಎಂದೂ ಮಾತಾಡದವಳು ಒನಕೆಯ ಹಾಗೆ ಕೈ ಅಡ್ಡ ಹಿಡಿದು, ಅತ್ತೆ, ನೀವು ಹೊರಗೆ ಕೂತುಕೊಳ್ಳಿ ಎಂದಳು. ಕೂತೆ. ಮೊಮ್ಮಗಳು ಟ್ರಂಕಿನ ತಳದಿಂದ ನೀಲಿ ಸೀರೆ ತೆಗೆದು ಮತ್ತೆ ಇಸ್ತ್ರಿಗೆ ಕೆಂಡ ಹಾಕಿದಳು.

ಏಳು ಗಂಟೆಗೆ ತಾಯಿ ಮಗ ಬಂದರು. ಅವಳ ಹಣೆ ಎಣ್ಣೆಯಿಂದ ಮಿಂಚುತ್ತಿತ್ತು, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ನಮ್ಮದು ಒಂದೂವರೆ ಖೋಲಿಯ ಮನೆ. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಚಾಪೆ ಹಾಸಿ, ಆರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಬಡಿಸುವವರು ಆಮೇಲೆ ಉಣ್ಣುವುದು ಪದ್ಧತಿ; ಆ ದಿನ ಪಾತ್ರೆಗಳನ್ನು ಮಧ್ಯದಲ್ಲಿಟ್ಟು ಸೊಸೆಯನ್ನೂ ಕೂರಿಸಿದೆವು. ಪ್ರಾರ್ಥನೆಯನ್ನು ಹುಡುಗನ ತಾಯಿ ಹೇಳಿದಳು, ಸ್ವಲ್ಪ ಉದ್ದವಾಗಿಯೇ ಹೇಳಿದಳು, ಅನ್ನದ ಹಬೆ ಹೋಗುವವರೆಗೆ. ಆಮೇಲೆ ಕೆಂಪಕ್ಕಿಯ ಅನ್ನ, ಬಂಗುಡೆಯ ಹುಳಿಮೆಣಸು, ಹುರಿದ ಹಾಗಲಕಾಯಿ. ಹುಡುಗ ಮುಳ್ಳು ಬಿಡಿಸಲು ಬಾರದೆ ಒದ್ದಾಡುತ್ತಿದ್ದ. ಮೊಮ್ಮಗಳು ಯಾರೂ ನೋಡುತ್ತಿಲ್ಲವೆಂದುಕೊಂಡು ಬಿಡಿಸಿದ ತುಂಡೊಂದನ್ನು ಅವನ ತಟ್ಟೆಯ ಅಂಚಿಗೆ ಇಟ್ಟಳು. ಎಲ್ಲರೂ ನೋಡಿದೆವು. ಹುಡುಗನ ತಾಯಿ ತಟ್ಟೆ ಮುಂದಕ್ಕೆ ಚಾಚಿ, ಸಾರು ಸ್ವಲ್ಪ ಖಾರ, ಆದರೂ ಇನ್ನೊಂದು ಸೌಟು ಹಾಕಿ ಎಂದಳು, ನನ್ನ ಸೊಸೆ ಎರಡು ಹಾಕಿದಳು.